ಆಟ ಹಿಡಿಯುವ ಬೆಕ್ಕು

ನಿನ್ನೆ ಮಗಳ ಕಂಪ್ಯೂಟರು ಯಾವುದೋ ತಪಾಸಣೆ ಮುಗಿಸಿ 'ಟುಂಯ್' ಎಂದಿತು. ಅವಳು ಆಕಳಿಸಿದಳು, ನಾನು ಎದ್ದು ನಿಂತುಬಿಟ್ಟಿದ್ದೆ. ನಗಬೇಡಿ, ಅಂಥದೇ ಸದ್ದು ಒಮ್ಮೆ ನನ್ನ ಅನ್ನಕ್ಕೇ ಕುತ್ತು ತಂದಿತ್ತು.

ಎಂಬತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ, ಹುಬ್ಬಳ್ಳಿಯಲ್ಲಿ ಒಂದಿಷ್ಟು ಕಂಪ್ಯೂಟರ್ ಕಲಿತು, ನವಲಗುಂದದ ಕಡೆಯ ಹತ್ತಿ ಮಾರಾಟದ ಸೊಸೈಟಿಯೊಂದರಲ್ಲಿ ಹಂಗಾಮಿ ಆಪರೇಟರನಾಗಿದ್ದೆ. ಊರಿನ ಏಕೈಕ ತಂಪು ಕೋಣೆ ಸರಕಾರ ಕೊಟ್ಟ ಆ ಕಂಪ್ಯೂಟರಿನದು. ಚಪ್ಪಲಿ ಹೊರಗೇ ಬಿಡಬೇಕು. ಅಧ್ಯಕ್ಷರಾದ ಗೌಡರಂತೂ ಅದಕ್ಕೆ ಕೈಮುಗಿದೇ ಕೂಡುತ್ತಿದ್ದರು.

ಅವರ ಕಿವಿಯಲ್ಲಿ ಯಾರೋ ಊದಿದರು: ಕಂಪ್ಯೂಟರಿನಲ್ಲಿ ಆಟಗಳೂ ಇರುತ್ತವಂತೆ, ತಪಾಸಣೆಯವರಿಗೆ ಸಿಕ್ಕರೆ ಆಪರೇಟರನನ್ನು ಮನೆಗೆ ಕಳಿಸುತ್ತಾರಂತೆ. ಹೆದರಿದ ನಾನು ನಾಲ್ಕಾರು ಸಾಲಿನ ಪ್ರೋಗ್ರಾಮು ಬರೆದೆ. ಯಂತ್ರ ಚಾಲೂ ಆದೊಡನೆ ಅದು ಒಳಗಿನ ಫೈಲುಗಳ ಹೆಸರನ್ನು ನಾನು ಕೊಟ್ಟ ಆಟಗಳ ಹೆಸರಿನೊಂದಿಗೆ ಹೋಲಿಸಿ, ಒಂದು ತಾಳೆಯಾದರೂ 'ಆಟ ಇದೆ' ಎಂದು ತೋರಿಸಿ 'ಟುಂಯ್' ಎಂದು ಕೂಗಬೇಕು.

"ಅಲ್ಲೋ ತಮ್ಮಾ, ಇಷ್ಟೆಲ್ಲಾ ಆಟದ ಹೆಸರು ನಿನಗ ಹೆಂಗ ಗೊತ್ತು?" ಎಂದರು ಗೌಡರು.

"ಹುಬ್ಬಳ್ಳ್ಯಾಗ ಕಲಿಸಿದ್ರಿ."

"ಅದಕ್ಕೂ ಫೀ ತಗೊಂಡ್ರ?"

ಪ್ರೋಗ್ರಾಮು ಓಡಿಸಿದೆ. ಸದ್ದಿಲ್ಲ, ಆಟವೇ ಇರಲಿಲ್ಲ. ಗೌಡರಿಗೆ ಸಮಾಧಾನವಾಗಲಿಲ್ಲ.

"ಬೆಕ್ಕ ಸುಮ್ನ ಕುಂತೈತಿ ಅಂದ್ರ ಇಲಿ ಇಲ್ಲಂತನೋ, ಬೆಕ್ಕ ಕುರುಡಂತನೋ? ಒಂದು ಇಲಿ ಬಿಟ್ಟು ನೋಡೂಣು."

ಎತ್ತು, ಹತ್ತಿ, ಅಳಿಯ, ಯಾವುದನ್ನೂ ಪರೀಕ್ಷಿಸದೆ ಒಪ್ಪದ ಊರು ಅದು. ಸೊಸೈಟಿಯ ಖರ್ಚಿನಲ್ಲೇ ಹುಬ್ಬಳ್ಳಿಗೆ ಹೋಗಿ, ಗೆಳೆಯನಿಂದ ಫ್ಲಾಪಿಯಲ್ಲಿ ಒಂದು ಆಟ ತಂದು ಹಾಕಿದೆ. ಯಂತ್ರ ಕೂಗಿತು.

"ಹಿಡೀತು ನೋಡ! ಈಗ ಇಲಿ ಹೆಂಗಿರತೈತಿ, ತೋರ್ಸು."

ಪರದೆಯ ಮೇಲೆ ಬರೀ ಒಂದು ಬಾಯಿ, ಚುಕ್ಕೆ ನುಂಗುತ್ತಾ ಓಡುವುದು, ದೆವ್ವಗಳು ಅದನ್ನು ಬೆನ್ನಟ್ಟುವುದು. "ಪಾಪ, ಉಣ್ಣಾಕೂ ಬಿಡವಲ್ವು" ಎನ್ನುತ್ತ ಕುಳಿತ ಗೌಡರು ರೊಟ್ಟಿ ತಿನ್ನಲೂ ಏಳಲಿಲ್ಲ. ಅಳಿಸಲೇ ಎಂದರೆ, "ದಿನಾ ಒಂದಿಷ್ಟು ಓಡಿಸದಿದ್ರ ಬೆಕ್ಕ ಕಸಬ ಮರ್ತೀತು" ಎನ್ನುವರು.

ಹೀಗಿರುವಾಗ ಒಂದು ಮಧ್ಯಾಹ್ನ ಧಾರವಾಡದಿಂದ ತಪಾಸಣೆಯ ಸಾಹೇಬರು ಹೇಳದೇ ಕೇಳದೇ ಬಂದರು. ಕರೆಂಟು ಆಗಷ್ಟೇ ಹೋಗಿ ಬಂದಿತ್ತು. ಸ್ವಿಚ್ಚು ಅವರೇ ಒತ್ತಿದರು. ಆ ಗಳಿಗೆಯನ್ನು ಈಗಲೂ ಹಿಂದೆ ಮುಂದೆ ಓಡಿಸಿ ನೋಡುತ್ತಿರುತ್ತೇನೆ: ವೈರು ಕೀಳಬಹುದಿತ್ತು, ಮೂರ್ಛೆ ಬೀಳಬಹುದಿತ್ತು. ಏನೂ ಮಾಡಲಿಲ್ಲ. ನಾನೇ ಬರೆದ ಪ್ರೋಗ್ರಾಮು ನಿಯತ್ತಿನಿಂದ ಕೂಗಿತು.

"ಯಾರ್ರೀ ಇದನ್ನ ಆಡೋರು?" ಸಾಹೇಬರು ನನ್ನನ್ನೇ ನೋಡಿದರು.

ಗೌಡರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. "ನಾನರೀ. ಅಂವಾ ಹಿಡಿಯಾಂವ, ನಾ ಆಡಾಂವ. ಮನಿಗೆ ಕಳಸೂದಿದ್ರ ನನ್ನ ಕಳಸ್ರಿ. ಹೆಂಗೂ ಉಣ್ಣೂ ಹೊತ್ತಾತು."

ಸಾಹೇಬರು ನಗು ತಡೆಯಲು ಗೋಡೆಯ ಕಡೆ ತಿರುಗಿದರು. ಆಟ ಅಳಿಸಲು ಹೇಳಿ, ನನ್ನ ಹೆಸರನ್ನೂ ಕೇಳದೆ ಹೊರಟುಹೋದರು.

ಇಷ್ಟು ವರ್ಷ ಸಾಹೇಬರ ಆ ಪ್ರಶ್ನೆಗೆ ನಾನು ಹೊಸೆದ ಉತ್ತರಗಳೆಲ್ಲ ತಪ್ಪಿಸಿಕೊಳ್ಳುವ ಉತ್ತರಗಳೇ. ನಿನ್ನೆ ಮೊದಲ ಸಲ, ನಿಂತಲ್ಲೇ, ಗಟ್ಟಿಯಾಗಿ "ನಾನರೀ" ಎಂದು ಅಂದು ನೋಡಿದೆ.

"ಯಾರ ಕೇಳಿದ್ರಪ್ಪಾ ನಿನ್ನ?" ಎಂದಳು ಮಗಳು.

ನಿಜ, ಯಾರೂ ಕೇಳಿರಲಿಲ್ಲ. ಕೂತುಕೊಂಡೆ.