ಮಾರಿದ ಮೇಲೆ ಸಿಕ್ಕ ಸವಾರಿ

ತೊಂಬತ್ತರ ದಶಕದ ಕೊನೆ. ಆಗೆಲ್ಲ ಇಂಗ್ಲೆಂಡಿನ ಹಾರ್ಬೋರ್ನಿನ ನಮ್ಮ ಮನೆಯಲ್ಲಿ ಕಾರು ಮಳೆಯಲ್ಲಿ ನೆನೆಯುತ್ತಿತ್ತು, ಬೈಕು ಗ್ಯಾರೇಜಿನಲ್ಲಿ ಬೆಚ್ಚಗೆ ಹೊದ್ದು ಮಲಗಿರುತ್ತಿತ್ತು.

ಎಪ್ಪತ್ತರ ದಶಕದ ಜಪಾನಿ ಬೈಕು. ಕೆಂಪು ಟ್ಯಾಂಕು, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕ್ರೋಮು. ಡಾಕ್ಟರಾಗಿದ್ದ ಅಪ್ಪ ರಜೆ ಸಿಕ್ಕರೆ ಸಾಕು, ಒರೆಸುತ್ತಾ ಕೂರುತ್ತಿದ್ದರು. ಓಡಿಸುತ್ತಿದ್ದರಾ? ಎಲ್ಲಿ! ಬೇಸಿಗೆಯಲ್ಲಿ ಮಳೆಯ ಭಯ, ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪಿನ ಭಯ, ತುಕ್ಕು ಹಿಡಿಯುತ್ತದಲ್ಲ. ಅಪರೂಪಕ್ಕೆ ಒಣ ದಿನ ಸಿಕ್ಕರೆ ಒಬ್ಬರೇ ಒಂದು ಸುತ್ತು. ನನಗೆ ಮಾತ್ರ, "ನಿನ್ ಕಾಲು ಫುಟ್‌ರೆಸ್ಟಿಗೆ ಎಟಕ್ಲಿ, ಆಮೇಲೆ."

ಒಂದು ಬೇಸಿಗೆ ಕಾಲು ಎಟುಕಿತು. ಅದೇ ಬೇಸಿಗೆ, ಮಂಡಿನೋವಿನ ಅಜ್ಜಿ ಮೈಸೂರಿನಿಂದ ಬಂದು ನಮ್ಮ ಜೊತೆಗಿರುವುದು ಅಂತಾಯಿತು. ಮೆಟ್ಟಿಲು ಹತ್ತಲಾಗದ ಅಜ್ಜಿಗೆ ಗ್ಯಾರೇಜೇ ಕೋಣೆ. ಬೈಕು ಮಾರಬೇಕು.

ಲೀಡ್ಸ್‌ನಿಂದ ಗಿರಾಕಿ ಬರುವ ಭಾನುವಾರ ಬೆಳಿಗ್ಗೆ ಅಪ್ಪನ ತೋಳಿಗೆ ಜೋತುಬಿದ್ದೆ. "ಅಪ್ಪಾ, ಒಂದೇ ಒಂದು ರೌಂಡ್, ಪ್ಲೀಸ್!"

"ಆಗಲ್ಲ ಪುಟ್ಟಿ. ಬಂದವನು ಮೊದಲು ಇಂಜಿನ್ನೇ ಮುಟ್ಟಿ ನೋಡ್ತಾನೆ. ಬಿಸಿ ಇದ್ರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗಲ್ವೇನೋ ಅಂತ ಅನುಮಾನ ಬರತ್ತೆ."

ಅಡುಗೆಮನೆಯಿಂದ ಅಮ್ಮ ಕೂಗಿದರು: "ರೀ, ಅದನ್ನ ಮಗು ಥರ ನೋಡ್ಕೊಂಡ್ರಿ. ಮಗೂನ ಒಂದ್ಸಲಾನೂ ಕೂರಿಸ್ಲಿಲ್ಲ!"

ಗಿರಾಕಿ ಬಿಳಿಗಡ್ಡದ ಆಸಾಮಿ. ಇಂಜಿನ್ ಮೇಲೆ ಅಂಗೈಯಿಟ್ಟ. ತಣ್ಣಗಿತ್ತು. ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಪೆಟ್ರೋಲ್ ಹೊಗೆ ಒಳನುಗ್ಗಿ ಉಪ್ಪಿಟ್ಟಿನ ಒಗ್ಗರಣೆಗೆ ಬೆರೆಯಿತು. ವ್ಯಾಪಾರ ಮುಗಿಯಿತು.

ಉಪ್ಪಿಟ್ಟು ತಿನ್ನುತ್ತಿದ್ದವನು, ಬಾಗಿಲಲ್ಲಿ ಅಳುತ್ತಿದ್ದ ನನ್ನನ್ನು ನೋಡಿ ವಿಚಾರಿಸಿದ. ಅಮ್ಮ ಎಲ್ಲ ಹೇಳಿಬಿಟ್ಟರು.

"ಈಗ ಬೈಕು ನನ್ನದು ತಾನೇ?" ಅಂದ ಅವನ ಇಂಗ್ಲಿಷಿನಲ್ಲಿ. "ಕರ್ಕೊಂಡು ಹೋಗಿ ಡಾಕ್ಟ್ರೇ. ನನ್ನ ಪ್ಲೇಟೂ ಇನ್ನೂ ಖಾಲಿಯಾಗಿಲ್ಲ."

ಅವನ ವ್ಯಾನಿನಲ್ಲಿದ್ದ ದೊಡ್ಡ ಹೆಲ್ಮೆಟ್ಟಿಗೆ ಅಮ್ಮ ಸ್ಕಾರ್ಫ್ ತುರುಕಿ ನನ್ನ ತಲೆಗೆ ಬಿಗಿದರು. ಅಪ್ಪನ ಸೊಂಟ ತಬ್ಬಿ ಹಿಂದೆ ಕೂತೆ. ಇಟ್ಟಿಗೆ ಮನೆಗಳು, ಗುಲಾಬಿ ಬೇಲಿಗಳು, ಹೈ ಸ್ಟ್ರೀಟಿನ ಬೇಕರಿ ಎಲ್ಲ ನೀರಿನೊಳಗೆ ತೇಲುವಂತೆ ಹಿಂದಕ್ಕೆ ಸರಿದವು. ಅಷ್ಟರಲ್ಲಿ ಸೋನೆ ಶುರುವಾಯಿತು.

"ಅಪ್ಪಾ, ಮಳೆ!"

"ಬರ್ಲಿ ಬಿಡೇ!"

ಎಡಕ್ಕೆ ತಿರುಗಿದರೆ ನಮ್ಮ ಮನೆ. ಅಪ್ಪ ನೇರ ಹೋದರು, ನಗುತ್ತಾ. ಆ ನಗು ಅವರ ಬೆನ್ನಿನಿಂದ ನನ್ನ ಎದೆಗೆ ಇಳಿಯುತ್ತಿತ್ತು.

ಈಗ ಅಜ್ಜಿಯಿಲ್ಲ, ಆ ಕೋಣೆಯಲ್ಲಿ ಟ್ರೆಡ್‌ಮಿಲ್ ನಿಂತಿದೆ. ಎಪ್ಪತ್ತು ದಾಟಿದ ಅಪ್ಪ ಫೋನಿನಲ್ಲಿ ಹವಾಮಾನ ನೋಡದೆ ವಾಕಿಂಗಿಗೂ ಹೊರಡುವುದಿಲ್ಲ. ಬೈಕು ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ. ಮನೆಯ ತಿರುವು ಬಿಟ್ಟು ನೇರ ಹೋದರಲ್ಲ, ಆ ಅಪ್ಪ ಮತ್ತೆ ಸಿಗಲಿಲ್ಲ.