ಅಪ್ಪನ ಹಿಂದೆ ಹೋದ ರವಿಕೆ

ಮದುವೆಗೆ ಮೂರೇ ದಿನ. ರವಿಕೆ ತರೋಣ ಅಂತ ಹಿರೇಕೊಡಿಗೆಯಿಂದ ಕುಣೀತಾ ಕೊಪ್ಪಕ್ಕೆ ಬಂದರೆ, ತಿಂಗಳ ಹಿಂದೆ ಕೊಟ್ಟಿದ್ದ ರೇಷ್ಮೆ ಬಟ್ಟೆ ಟೈಲರಂಗಡಿಯ ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಕೂತಿತ್ತು.

"ಕಂಪ್ಯೂಟರ್ ಲಿಸ್ಟಲ್ಲಿ ನಿನ್ನದು ಬರಲೇ ಇಲ್ವಲ್ಲ ಮಾರಾಯ್ತಿ," ಅಂದರು ಟೈಲರ್ ಸಾಹೇಬ್ರು. ಅಪ್ಪನ ಹಳೇ ಸ್ನೇಹಿತರು ಅವರು.

ಆ ಲಿಸ್ಟ್ ಮಾಡಿಕೊಟ್ಟವಳು ನಾನೇ. ಕಂಪ್ಯೂಟರ್ ಕೋರ್ಸ್ ಮುಗಿಸಿದ ಹುರುಪಿನಲ್ಲಿ ಅವರ ಅಳತೆ ಪುಸ್ತಕವನ್ನೆಲ್ಲ ಡೇಟಾಬೇಸಿಗೆ ಏರಿಸಿದ್ದೆ. ಒಂದು ಟೇಬಲಿನಲ್ಲಿ ಮನೆ ಯಜಮಾನರು, ಇನ್ನೊಂದರಲ್ಲಿ ಆ ಮನೆಯವರ ಅಳತೆ, ಮತ್ತೊಂದರಲ್ಲಿ ಹೊಲಿಯಬೇಕಾದ ಬಟ್ಟೆ. ಯಜಮಾನರಿಲ್ಲದೆ ಅಳತೆ ಇರುವಂತಿಲ್ಲ, ಅಳತೆಯಿಲ್ಲದೆ ಬಟ್ಟೆ ಇರುವಂತಿಲ್ಲ. ಯಜಮಾನರನ್ನೇ ಅಳಿಸಿದರೆ ಏನು ಮಾಡಬೇಕು ಅಂತಲೂ ಮೊದಲೇ ಹೇಳಿಡಬೇಕು. ಅಳಿಸಲು ಬಿಡದೆ ತಡೆಯಬಹುದು, ಇಲ್ಲವೇ ಅವರ ಹಿಂದಿರುವುದನ್ನೆಲ್ಲ ಒಟ್ಟಿಗೇ ಅಳಿಸಬಹುದು. ಯಜಮಾನರನ್ನು ಯಾರು ಅಳಿಸ್ತಾರೆ ಅಂತ ನಾನು ಎರಡನೆಯದನ್ನು ಆರಿಸಿದ್ದೆ. ಎಂಥ ಬುದ್ಧಿವಂತೆ ನೋಡಿ.

ಸಾಹೇಬ್ರು ಅಳಿಸ್ತಾರೆ. ಗಿರಾಕಿ ರೆಡಿಮೇಡ್ ಅಂಗಿ ತೊಟ್ಟು ಎದುರು ಬಂದರೆ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೀಟು ಎಳೆಯೋದು, ಸಿಟ್ಟಿಳಿದ ಮೇಲೆ ಮತ್ತೆ ಬರೆಯೋದು ಅವರ ಹಳೇ ಚಟ. ಪುಸ್ತಕದಲ್ಲಾದರೆ ಹೆಂಡತಿ ಮಕ್ಕಳ ಅಳತೆ ಕೆಳಗೆ ಹಾಗೇ ಇರುತ್ತಿತ್ತು. ನನ್ನಪ್ಪ, ಆ ಪುಣ್ಯಾತ್ಮ, ಶೃಂಗೇರಿಯಲ್ಲಿ ಕೊಂಡ ರೆಡಿಮೇಡ್ ಅಂಗಿ ತೊಟ್ಟುಕೊಂಡು ಇದೇ ಅಂಗಡಿಗೆ ಲಗ್ನಪತ್ರಿಕೆ ಕೊಡಲು ಬಂದಿದ್ದರಂತೆ. ಅವರು ಮೆಟ್ಟಿಲಿಳಿಯುತ್ತಲೇ ಸಾಹೇಬ್ರು ಡಿಲೀಟ್ ಒತ್ತಿದರು. ಅಪ್ಪ ಹೋದರು. ಹಿಂದೆಯೇ ಅಮ್ಮ, ತಮ್ಮ, ನಾನು, ನನ್ನ ರವಿಕೆ.

ಅಳಬೇಕಿದ್ದವಳಿಗೆ ನಗು ತಡೆಯಲಾಗಲಿಲ್ಲ. ಸಾಹೇಬ್ರ ಹೆಂಡತಿ ಟೇಪು ಹಿಡಿದು ಹೊಸದಾಗಿ ಅಳತೆ ತೆಗೆಯುವಾಗಲೂ ಕಿಸಿಕಿಸಿ ಅಂತಿದ್ದೆ. "ನೆಟ್ಟಗೆ ನಿಲ್ಲು, ತೋಳು ಒಂದು ಉದ್ದ ಒಂದು ಗಿಡ್ಡ ಆಗತ್ತೆ," ಅಂತ ಗದರಿ ಅವರೂ ನಕ್ಕರು. ಸಾಹೇಬ್ರಿಗೆ ಮಾತ್ರ ಮುಖ ಎತ್ತಲಾಗಲಿಲ್ಲ. "ನಿನ್ನ ಮದುವೆ ರವಿಕೆ ನಾನೇ ಹೊಲೀಬೇಕು ಅಂತ ನೀನು ಲಂಗ ಹಾಕ್ತಿದ್ದಾಗಿಂದ ಇದ್ದೆ," ಅಂದು ಕತ್ತರಿ ಕೈಗೆತ್ತಿಕೊಂಡರು. ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು ಮರುದಿನ ಸಂಜೆಗೆ ಮುಗಿಸಿಕೊಟ್ಟರು. ಹೇಳಿ ಮಾಡಿಸಿದ ಹಾಗೆ ಕೂತಿತು.

ಅವರು ಹೊಲಿಯುವಷ್ಟರಲ್ಲಿ ನಾನು ನಮ್ಮ ಮನೆಯವರನ್ನೆಲ್ಲ ಮತ್ತೆ ಏರಿಸಿ, ನಿಯಮ ಬದಲಿಸಿದೆ. ಈಗ ಅಪ್ಪನನ್ನು ಅಳಿಸಲು ಹೋದರೆ, ಇವರ ಹಿಂದೆ ಇನ್ನೂ ಜನ ಇದ್ದಾರೆ, ಆಗುವುದಿಲ್ಲ ಅನ್ನುತ್ತದೆ. ಸಾಹೇಬ್ರು ಒಮ್ಮೆ ಒತ್ತಿಯೇ ನೋಡಿದರು. "ಇದು ನಿಮ್ಮಪ್ಪನ ಕಡೆ ಸೇರ್ಕೊಂಡಿದೆ," ಅಂತ ಗೊಣಗಿದರು.

ಮದುವೆಯಾದ ತಿಂಗಳಿಗೆ ಸೀರೆಗೆ ಫಾಲ್ ಹಾಕಿಸಲು ಗಂಡನ ಊರು ನರಸಿಂಹರಾಜಪುರದಿಂದ ಬಂದೆ. ನನ್ನನ್ನು ಗಂಡನ ಮನೆಗೆ ಬದಲಾಯಿಸಬೇಕು ಅಂತ ಸಾಹೇಬ್ರು ಕೂತಿದ್ದರು. ಕಂಪ್ಯೂಟರ್ ಒಪ್ಪಲಿಲ್ಲ. ಆ ಮನೆಯವರು ಯಾರೂ ಇಲ್ಲಿ ಹೊಲಿಸಿದವರಲ್ಲ. ಟೇಬಲಿನಲ್ಲಿ ಯಜಮಾನರೇ ಇಲ್ಲದ ಮನೆಗೆ ನನ್ನನ್ನು ಸೇರಿಸುವುದು ಹೇಗೆ?

"ನಿಮ್ಮ ಮಾವನ ಹೆಸರು ಹೇಳು, ಮೊದಲು ಅವರನ್ನು ಹಾಕ್ತೇನೆ," ಅಂದರು.

ನಾನು ಕೀಬೋರ್ಡ್ ಎಳೆದುಕೊಂಡು ಯಜಮಾನರ ಜಾಗದಲ್ಲಿ ನನ್ನ ಹೆಸರನ್ನೇ ಕುಟ್ಟಿದೆ. ಅದು ತಕರಾರಿಲ್ಲದೆ ತೆಗೆದುಕೊಂಡಿತು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಾಹೇಬ್ರು ಪರದೆಯತ್ತ ಬಗ್ಗಿದರು. "ಹಾಗಾದ್ರೆ ನಿನ್ನ ಗಂಡನನ್ನು ಎಲ್ಲಿ ಹಾಕಲಿ?"

"ನನ್ನ ಕೆಳಗೆ ಹಾಕಿ," ಅಂದೆ. "ನಾಳೆ ಅಳತೆ ಕೊಡೋಕೆ ಕಳಿಸ್ತೇನೆ."