ಹಾಲಲ್ಲಿ ಕಲಸಿದ್ದು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ವೈದ್ಯ ಗೊತ್ತಿಲ್ಲದವಳು ಎಂದರೆ ನಾನೊಬ್ಬಳೇ. ಮಗಳಿಗೆ ವರ್ಷ ತುಂಬಿ, ನನ್ನ ಹಾಲು ಬಿಡಿಸಿ ಹಸುವಿನ ಹಾಲು ಶುರು ಮಾಡಿದ ಮೇಲೆ ಕೆನ್ನೆಯಲ್ಲಿ, ಮೊಣಕೈ ಸಂದಿನಲ್ಲಿ, ಕತ್ತಿನ ಮಡಿಕೆಗಳಲ್ಲಿ ಕೆಂಪು ದದ್ದು ಎದ್ದವು. ಭೇದಿ ಹಿಡಿಯಿತು. ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದಳು. ನನ್ನ ಅತ್ತೆ ಇದು ದೃಷ್ಟಿ ಎಂದರು. ಅವರ ತಂಗಿ, ಅಂದರೆ ಬಸವನಗುಡಿಯಿಂದ ಆಗಾಗ ಬಂದು ಕಾಫಿ ಕುಡಿದು ತೀರ್ಪು ಕೊಟ್ಟು ಹೋಗುತ್ತಿದ್ದ ಚಿಕ್ಕತ್ತೆ, ಹಲ್ಲು ಬರುವ ಬಾಧೆ ಎಂದರು. ಹಲ್ಲು ಆಗಲೇ ಬಂದಿವೆಯಲ್ಲ ಎಂದೆ. ಇನ್ನೂ ಬರುವುದಿದೆಯಲ್ಲ ಎಂದರು.

ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. ನೋಡು, ಎಷ್ಟೊಂದು ದೃಷ್ಟಿಯಾಗಿದೆ ಎಂದರು. ಇನ್ನೊಂದು ಸಲ ಹಾಕಿದಾಗ ಮನೆಮಂದಿಯೆಲ್ಲ ಕೆಮ್ಮಿ ಹಿತ್ತಲಿಗೆ ಓಡಿದೆವು. ನೋಡು, ದೃಷ್ಟಿಯೆಲ್ಲ ಇಳಿದುಹೋಯಿತು ಎಂದರು. ದದ್ದು ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಅಪವಾದ ಡೈರಿಯ ಬಾಟಲಿ ಹಾಲಿನ ಮೇಲೆ ಬಂತು. ಅದು ಹಾಲೇ ಅಲ್ಲ, ಸುಣ್ಣದ ನೀರು ಎಂದು ತೀರ್ಮಾನವಾಗಿ, ಮನೆ ಬಾಗಿಲಿಗೇ ಹಸು ತಂದು ಕಣ್ಣೆದುರು ಕರೆದುಕೊಡುವ ಹಾಲಿನವನನ್ನು ಗೊತ್ತುಮಾಡಿದರು. ಗಟ್ಟಿ ಹಾಲು. ಮಗುವಿಗೆ ದದ್ದೂ ಗಟ್ಟಿಯಾಯಿತು. ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬರುವವಳನ್ನು ಕೂಗಿ, ಒಂದು ಒಳಲೆ ಕತ್ತೆ ಹಾಲನ್ನೂ ಕುಡಿಸಿದರು. ಬೀದಿಯ ಪ್ರಾಣಿಗಳಲ್ಲಿ ನಾಯಿಯೊಂದೇ ಬಾಕಿ ಎಂದು ನಾನು ಗೊಣಗಿದ್ದು ಅತ್ತೆಯ ಕಿವಿಗೆ ಬಿದ್ದು, ನನ್ನ ನಾಲಿಗೆಗೂ ಒಂದು ಚಿಕಿತ್ಸೆ ಆಗಬೇಕೆಂದು ಚಿಕ್ಕತ್ತೆಯ ಹತ್ತಿರ ದೂರು ಹೋಯಿತು.

ನನ್ನ ಗಂಡನನ್ನು ಯಜಮಾನರು ಎನ್ನುವುದು ವಾಡಿಕೆ. ಯಜಮಾನಿಕೆ ಮಾತ್ರ ಅವರ ಅಮ್ಮನದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ತತ್ತ್ವ ಅವರದು. ನಮ್ಮ ಮನೆಯಲ್ಲಿ ಹಾವು ಆರಾಮಾಗಿತ್ತು, ಕೋಲು ಮೂಲೆಯಲ್ಲಿತ್ತು, ಕಚ್ಚಿಸಿಕೊಳ್ಳುತ್ತಿದ್ದುದು ಮಗು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಅಮ್ಮನನ್ನು ಒಂದು ಮಾತು ಕೇಳೋಣ ಎನ್ನುತ್ತಿದ್ದರು. ಕೊನೆಗೆ ನಾನು ಯಾರನ್ನೂ ಕೇಳದೆ ಕಚೇರಿಗೆ ರಜೆ ಹಾಕಿ, ಮಗುವನ್ನು ಸೊಂಟಕ್ಕೇರಿಸಿಕೊಂಡು, ಎರಡು ಬಸ್ಸು ಬದಲಾಯಿಸಿ ಮಲ್ಲೇಶ್ವರಕ್ಕೆ ಹೋದೆ.

ಸಂಪಿಗೆ ರಸ್ತೆಯ ಪಕ್ಕದ ಒಂದು ಅಡ್ಡರಸ್ತೆಯಲ್ಲಿ ಮಕ್ಕಳ ಡಾಕ್ಟರೊಬ್ಬರು ಇದ್ದರು. ಹೆಂಗಸು, ಮಾತು ಕಡಿಮೆ. ಮಗುವಿನ ಮೈಯೆಲ್ಲ ನೋಡಿ, ಏನೇನು ತಿನ್ನಿಸುತ್ತೀರಿ ಎಂದು ಕೇಳಿ, ಹಾಲಿನ ಅಲರ್ಜಿ ಇರಬಹುದು ಎಂದರು. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲವನ್ನೂ ನಿಲ್ಲಿಸಿ ನೋಡಿ. ಹಾಲು ಸೋಕಿದ್ದು ಯಾವುದೂ ಬೇಡ. ರಾಗಿ, ಬೇಳೆ, ತರಕಾರಿ, ಅನ್ನ ಸಾಕು, ಬೆಳೆಯುತ್ತಾಳೆ ಎಂದರು. ಇರಬಹುದು ಎಂಬ ಅವರ ಒಂದು ಮಾತು ನನಗೆ ಸಮಾಧಾನ ತಂದಿತು. ಅಷ್ಟು ದಿನ ನಮ್ಮ ಮನೆಯಲ್ಲಿ ಎಲ್ಲರೂ ಖಂಡಿತವಾಗಿ ಹೇಳುವವರೇ ಆಗಿದ್ದರು.

ಮನೆಯಲ್ಲಿ ಆ ಮಾತಿಗೇ ನಗೆ. ಇರಬಹುದು ಅನ್ನುವುದಕ್ಕೆ ಮಲ್ಲೇಶ್ವರದವರೆಗೂ ಹೋಗಬೇಕಿತ್ತೇ, ಅದನ್ನು ನಾವೇ ಹೇಳುತ್ತಿರಲಿಲ್ಲವೇ ಎಂದರು ಚಿಕ್ಕತ್ತೆ. ಅತ್ತೆ ಮಾತ್ರ ನಗಲಿಲ್ಲ. "ಹಾಲು ಕುಡಿದ ಮಕ್ಕಳೇ ಉಳಿಯೋದಿಲ್ಲ, ಇನ್ನು ಹಾಲಿಲ್ಲದ ಮಗು ಉಳಿಯುತ್ತೇನೇ?" ಎಂದು ಗಾದೆಯನ್ನೇ ತಮಗೆ ಬೇಕಾದ ಹಾಗೆ ತಿರುಗಿಸಿ ಕಣ್ಣೊರೆಸಿಕೊಂಡರು. ಅಲರ್ಜಿ ಎಂಬ ಶಬ್ದ ಚಿಕ್ಕತ್ತೆಯ ಬಾಯಲ್ಲಿ ಬಸವನಗುಡಿ ತಲುಪುವಷ್ಟರಲ್ಲಿ ಎನರ್ಜಿ ಆಗಿತ್ತು. ಮಗುವಿಗೆ ಎನರ್ಜಿ ಜಾಸ್ತಿಯಾಗಿದೆಯಂತೆ, ಅದಕ್ಕೇ ಹಾಲು ನಿಲ್ಲಿಸಿದ್ದಾರಂತೆ ಎಂದು ಅಲ್ಲಿ ಸುದ್ದಿಯಾಯಿತು. ಭೇದಿಯಾಗಿ ಸೊರಗಿ ಕೂತಿದ್ದ ಮಗುವಿಗೆ ಎನರ್ಜಿ ಜಾಸ್ತಿ.

ಆದರೂ ನಾನು ಹಟ ಹಿಡಿದೆ. ನಾನು ಊಟ ಬಿಟ್ಟು ಕೂತೆ ಎಂಬ ಕಾರಣಕ್ಕೆ, ಡಾಕ್ಟರ ಮೇಲಿನ ಗೌರವಕ್ಕಲ್ಲ, ಅತ್ತೆ ಒಪ್ಪಿದರು. ಹಾಲು ನಿಂತಿತು. ಮೊಸರು ನಿಂತಿತು. ಅನ್ನಕ್ಕೆ ತುಪ್ಪವಿಲ್ಲ ಎಂದು ದೇವರ ಮುಂದೆ ನಿಂತು ಅವರು ಕ್ಷಮೆ ಕೇಳಿದ್ದನ್ನೂ ನೋಡಿದೆ. ಭೇದಿ ಹಿಡಿತಕ್ಕೆ ಬಂತು. ಕೆನ್ನೆ ತಿಳಿಯಾಗತೊಡಗಿತು. ಬದುಕಿಕೊಂಡೆ ಎಂದುಕೊಂಡೆ.

ಅಷ್ಟರಲ್ಲಿ ಭಾನುವಾರದ ಕಾಟ ಶುರುವಾಯಿತು. ವಾರವೆಲ್ಲ ನೆಟ್ಟಗಿರುತ್ತಿದ್ದ ಮಗುವಿಗೆ ಭಾನುವಾರ ಬೆಳಿಗ್ಗೆ ಮೈಯೆಲ್ಲ ದದ್ದು. ಸೋಮವಾರ, ಮಂಗಳವಾರ ಇಳಿಯುತ್ತಾ ಬಂದು, ಮತ್ತೆ ಮುಂದಿನ ಭಾನುವಾರ ಅದೇ ಕಥೆ. ಭಾನುವಾರ ವಿಶೇಷ ಏನು? ನಾನು ಮನೆಯಲ್ಲಿರುವ ದಿನ. ಇದನ್ನು ಕಂಡುಹಿಡಿದವರು ಚಿಕ್ಕತ್ತೆ. ಕಾಫಿ ಲೋಟ ಕೆಳಗಿಟ್ಟು, ತಾಯಿ ಮನೆಯಲ್ಲಿರೋ ದಿನವೇ ಕೂಸು ಕೆಡುತ್ತಲ್ಲೇ ಅಕ್ಕಾ ಎಂದರು. ವಾರವೆಲ್ಲ ಬಸ್ಸಿನಲ್ಲಿ ಯಾರ್ಯಾರನ್ನೋ ಮುಟ್ಟಿಕೊಂಡು ಬಂದ ಮೈ ನನ್ನದು. ಆ ಮೈಲಿಗೆ ಮಗುವಿಗೆ ತಗಲುತ್ತಿದೆ ಎಂಬುದು ರೋಗನಿದಾನ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಕುಣಿಯುವ ಗೋಜಿಗೇ ಹೋಗದೆ ನನ್ನನ್ನೇ ಡೊಂಕು ಎಂದರು.

ಇನ್ನು ಮೇಲೆ ಭಾನುವಾರ ನಾನು ಮಗುವನ್ನು ಮುಟ್ಟಬಾರದು ಎಂದು ಅಪ್ಪಣೆಯಾಯಿತು. ನನ್ನ ಗಂಡ ಪತ್ರಿಕೆಯಿಂದ ತಲೆಯೆತ್ತದೆ, ಸ್ವಲ್ಪ ದಿನ ನೋಡೋಣ ಎಂದರು. ವಾರವೆಲ್ಲ ಟೈಪ್ ಕುಟ್ಟಿ ಬಂದವಳಿಗೆ ಮಗು ಎಂದು ಸಿಗುತ್ತಿದ್ದುದು ಆ ಒಂದು ದಿನ. ಅವಳು ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿ ಅಮ್ಮಾ ಎಂದು ಅಳುತ್ತಿದ್ದಳು. ನಾನು ನಡುಮನೆಯ ಕಂಬಕ್ಕೆ ಒರಗಿ ಕೂತು ಅಳುತ್ತಿದ್ದೆ. ಅಷ್ಟಾದರೂ ಭಾನುವಾರದ ದದ್ದು ತಪ್ಪಲಿಲ್ಲ. ಮುಟ್ಟದಿದ್ದರೂ ಬರುತ್ತಲ್ಲ ಎಂದರೆ, ನೆರಳು ಬಿದ್ದಿರಬೇಕು ಎಂದರು.

ಒಂದು ಶನಿವಾರ ನಮ್ಮ ಮೇಲಧಿಕಾರಿಯ ಬೀಳ್ಕೊಡುಗೆ. ಖಾರ, ಸಿಹಿ, ಕಾಫಿ ಕೊಟ್ಟು ಮಧ್ಯಾಹ್ನವೇ ಮನೆಗೆ ಕಳಿಸಿದರು. ನಾನು ಬಂದಾಗ ಅತ್ತೆ ಶನಿವಾರದ ಫಲಾಹಾರಕ್ಕೆ ಕೂತಿದ್ದರು. ವಿಧವೆಯಾದ ಮೇಲೆ ಅವರಿಗೆ ಶನಿವಾರ ಅನ್ನ ವರ್ಜ್ಯ. ಹೊತ್ತು ಮುಳುಗುವ ಮೊದಲೇ ಪೂರಿಯೋ ಚಪಾತಿಯೋ ಮಾಡಿಕೊಂಡು ಮುಗಿಸುತ್ತಿದ್ದರು. ನಾನು ಮನೆ ಸೇರುವಷ್ಟರಲ್ಲಿ ತಟ್ಟೆ ತೊಳೆದಿಟ್ಟಾಗಿರುತ್ತಿತ್ತು. ಅಲ್ಲದೆ ಬಸ್ಸಿಳಿದು ಬಂದವಳಿಗೆ ಸ್ನಾನವಾಗುವ ತನಕ ಅಡಿಗೆಮನೆಗೆ ಪ್ರವೇಶವಿರಲಿಲ್ಲ. ಹಾಗಾಗಿ ಹೊಸ್ತಿಲಾಚೆಯೇ ನಿಂತು ನೋಡಿದೆ. ಮಗಳು ಅಜ್ಜಿಯ ಮುಂದೆ ಕೂತಿದ್ದಾಳೆ. ಅಜ್ಜಿ ಪೂರಿ ಮುರಿದು ಮುರಿದು ಬಾಯಿಗಿಡುತ್ತಿದ್ದಾರೆ. ಪಕ್ಕದಲ್ಲಿ ಹಿಟ್ಟು ಕಲಸಿದ ಬೋಗುಣಿ, ಅದರ ಪಕ್ಕದಲ್ಲಿ ತಳದಲ್ಲಿ ಒಂದಿಷ್ಟು ಹಾಲು ಉಳಿದ ಹಿತ್ತಾಳೆ ಚೊಂಬು.

ಆ ಮನೆಯ ಮುಸುರೆಯ ಲೆಕ್ಕವನ್ನು ಇಲ್ಲಿ ಹೇಳಲೇಬೇಕು. ನೀರಿನಲ್ಲಿ ಬೆಂದ ಅನ್ನ ಮುಸುರೆ. ಅದನ್ನು ಮುಟ್ಟಿದ ಕೈ ತೊಳೆಯದೆ ಇನ್ನೊಂದನ್ನು ಮುಟ್ಟುವಂತಿಲ್ಲ, ಉಪವಾಸದ ದಿನ ತಿನ್ನುವಂತಿಲ್ಲ. ನೀರಿನಲ್ಲಿ ಕಲಸಿದ ಹಿಟ್ಟಿಗೂ ಅದೇ ಪಾಡು. ಆದರೆ ಅದೇ ಹಿಟ್ಟನ್ನು ಹಾಲಿನಲ್ಲಿ ಕಲಸಿದರೆ ದೋಷವಿಲ್ಲ. ನನ್ನ ತವರಿನಲ್ಲಿ ಇಷ್ಟು ಸೂಕ್ಷ್ಮ ಇರಲಿಲ್ಲ.

"ಅತ್ತೆ, ಮಗೂಗೆ ಹಾಲು ಕೊಡಬಾರದು ಅಂದಿದ್ರಲ್ಲ ಡಾಕ್ಟ್ರು," ಎಂದೆ.

"ಹಾಲೆಲ್ಲಿ ಕೊಟ್ಟೆ? ಪೂರಿ ಕೊಟ್ಟೆ."

"ಹಾಲಲ್ಲಿ ಕಲಸಿದೀರಲ್ಲ."

"ಅದು ಕಲಸೋಕಮ್ಮ. ನೀರು ಹಾಕಿದ್ರೆ ಮುಸುರೆ ಆಗತ್ತೆ. ಅಷ್ಟೂ ಗೊತ್ತಿಲ್ವೇ ನಿಂಗೆ?"

ಅವರು ಸುಳ್ಳು ಹೇಳುತ್ತಿರಲಿಲ್ಲ, ನನಗೆ ಇನ್ನಷ್ಟು ಸಿಟ್ಟು ಬಂದದ್ದು ಅದಕ್ಕೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಲೋಕ ಹೇಳುತ್ತದೆ. ನಮ್ಮ ಮನೆಯಲ್ಲಿ ಹಾಲೂ ಹಾಲಾಗಿರಲಿಲ್ಲ. ಲೋಟದಲ್ಲಿದ್ದರೆ ಹಾಲು, ಹಿಟ್ಟಿಗೆ ಬಿದ್ದರೆ ಬರೀ ಮಡಿ. ಅನ್ನದ ಒಂದು ಅಗುಳು ಎಲ್ಲಿ ಸಿಡಿಯಿತು ಎಂಬುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಹೆಂಗಸಿಗೆ ಒಂದು ಚೊಂಬು ಹಾಲು ಕಾಣಲಿಲ್ಲ. ಆ ಚೊಂಬಿಗಾಗಿ ನಾನು ಎಷ್ಟೋ ಭಾನುವಾರ ಮೈಲಿಗೆಯವಳ ಹಾಗೆ ನನ್ನ ಮಗುವಿನಿಂದಲೇ ದೂರ ಕೂತಿದ್ದೆ.

ಮತ್ತೆ ಡಾಕ್ಟರ ಮಾತು ಎತ್ತಿದರೆ ಗೋಡೆಗೆ ಹೇಳಿದಂತೆ ಎಂದು ಗೊತ್ತಿತ್ತು. ಅಲರ್ಜಿ ಎಂದರೆ ಎನರ್ಜಿಯಾಗುವ ಮನೆ. ಸಿಟ್ಟಿನಲ್ಲೇ ಬಾಯಿಗೆ ಬಂದದ್ದನ್ನು ಹೇಳಿದೆ.

"ಹಾಗಾದ್ರೆ ಕೇಳಿ ಅತ್ತೆ. ನಿಮಗೆ ನೀರಲ್ಲಿ ಕಲಸಿದ್ದು ಮುಸುರೆ. ಈ ಮಗೂಗೆ ಹಾಲೇ ಮುಸುರೆ."

ಅತ್ತೆ ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ನನ್ನ ಮುಖ ನೋಡಿದರು, ಮಗುವಿನ ಮುಖ ನೋಡಿದರು. ಆಮೇಲೆ ತಟ್ಟೆ ಸರಿಸಿ ಎದ್ದು, ತಮ್ಮ ಕೈ ತೊಳೆದುಕೊಂಡು, ಮಗುವಿನ ಕೈ ಬಾಯಿ ತೊಳೆಸಿ, ಅವಳು ಕೂತಿದ್ದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಇಂಗ್ಲಿಷ್ ವೈದ್ಯದ ಎಷ್ಟೋ ಮಾತುಗಳು ಹೊಕ್ಕಲಾರದ ಕಡೆ ಮೂರಕ್ಷರದ ಒಂದು ಶಬ್ದ ಹೊಕ್ಕಿತು. ಅಂದಿನಿಂದ ಹಾಲಿನ ಪಾತ್ರೆ ಮುಟ್ಟಿದ ಕೈ ತೊಳೆಯದೆ ಅವರು ಮೊಮ್ಮಗಳನ್ನು ಎತ್ತಿಕೊಂಡದ್ದು ನಾನು ನೋಡಿಲ್ಲ. ಶನಿವಾರ ಅವಳಿಗೆಂದು ನೀರಿನಲ್ಲಿ ಕಲಸಿದ ಚಪಾತಿಯನ್ನು ನಾನು ಕಚೇರಿಗೆ ಹೊರಡುವ ಮೊದಲೇ ಹಿತ್ತಲ ಜಗಲಿಯಲ್ಲಿ ಸೀಮೆಎಣ್ಣೆ ಸ್ಟೌ ಮೇಲೆ ಬೇಯಿಸಿಕೊಟ್ಟೆ. ಮೊದಲೇ ಹೀಗೆ ಹೇಳಬಾರದಿತ್ತೇ ಎಂದರು ನನ್ನ ಗಂಡ. ಅವರಿಗೆ ನಾನು ಕೊಟ್ಟ ಉತ್ತರವನ್ನು ಅಚ್ಚು ಹಾಕುವಂತಿಲ್ಲ.

ಮುಂದಿನ ಭಾನುವಾರ ದದ್ದು ಏಳಲಿಲ್ಲ. ನಾನು ಮಗುವನ್ನು ಎತ್ತಿಕೊಂಡರೂ ಯಾರೂ ತಡೆಯಲಿಲ್ಲ. ಅದರ ಮುಂದಿನ ಭಾನುವಾರವೂ ಏಳಲಿಲ್ಲ. ಅಂದು ಚಿಕ್ಕತ್ತೆ ಬಂದು ಮಗುವಿನ ಕೆನ್ನೆ ಮುಟ್ಟಿ ನೋಡಿ, ಯಾವುದರಿಂದ ವಾಸಿಯಾಯಿತೇ ಅಕ್ಕಾ ಎಂದು ಕೇಳಿದರು. ಅತ್ತೆ ಕಾಫಿ ಬಗ್ಗಿಸುತ್ತಾ, "ಇವಳೀಗ ಭಾನುವಾರ ತಲೆಗೆ ನೀರು ಹಾಕ್ಕೊಂಡು ಮಡಿಯಾಗಿ ಮಗೂನ ಎತ್ಕೋತಾಳೆ. ಅದಕ್ಕೇ ಸರಿಹೋಯ್ತು," ಎಂದರು.

ಮದುವೆಯಾಗಿ ಬಂದಂದಿನಿಂದ ನಾನು ಭಾನುವಾರ ತಲೆಗೆ ನೀರು ಹಾಕಿಕೊಳ್ಳುತ್ತಲೇ ಇದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಜಗಳ, ಜಗಳವಾದರೆ ಮತ್ತೊಂದು ನಿದಾನ, ಮತ್ತೊಂದು ಅಪ್ಪಣೆ. ಮಗಳು ನನ್ನ ತೊಡೆಯ ಮೇಲೆ ಕೂತು ಒದ್ದೆ ಜಡೆಯನ್ನು ಜಗ್ಗುತ್ತಿದ್ದಳು. ಹೌದು ಚಿಕ್ಕತ್ತೆ, ಎಲ್ಲ ನನ್ನ ಮಡಿಯಿಂದಲೇ ಎಂದು ಹೇಳಿ ಅವಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.